ಬಲಗೈ ಎತ್ತು, ತಮ್ಮಾ

ನೋಟರಿ ಆಂಟಿಯ ಬಲಗೈ ಹೆಬ್ಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಶಾಯಿಯ ಪ್ಯಾಡಿನ ಮೇಲೆ ಬೆರಳು ಒತ್ತಬೇಕಾದವರು ಗಿರಾಕಿಗಳು. ಆದರೆ ಯಾರಿಗೂ ನೆಟ್ಟಗೆ ಒತ್ತಲು ಬರುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಬಂದವರ ಹೆಬ್ಬೆರಳನ್ನು ತಾವೇ ಹಿಡಿದು, ಪ್ಯಾಡಿನ ಮೇಲೆ ಎಡದಿಂದ ಬಲಕ್ಕೆ ಹೊರಳಿಸಿ, ರಿಜಿಸ್ಟರಿನಲ್ಲಿ ಒತ್ತಿಸಿ, ಒರೆಸಿಕೊಳ್ಳಲು ಒಂದು ಟಿಶ್ಯೂ ಕೊಡುತ್ತಿದ್ದರು. ತಮ್ಮ ಬೆರಳನ್ನು ಮಾತ್ರ ಒರೆಸಿಕೊಳ್ಳುತ್ತಿರಲಿಲ್ಲ. ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಅದೇ ಬೆರಳಿನಿಂದ ಏರಿಸಿ ಏರಿಸಿ, ಕನ್ನಡಕದ ನಡುವಿನ ಕಡ್ಡಿಯ ಮೇಲೂ ಒಂದು ಕಪ್ಪು ಚುಕ್ಕೆ ಖಾಯಂ ಆಗಿ ಕೂತಿತ್ತು.

ಗ್ಲೆಂಡೇಲ್‌ನ ಒಂದು ಪಾರ್ಸೆಲ್ ಅಂಗಡಿಯ ಮೂಲೆಯಲ್ಲಿ ಅವರ ಕೌಂಟರ್. ಮುಂದುಗಡೆ ರಟ್ಟಿನ ಡಬ್ಬ, ಟೇಪು, ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ. ಹಿಂದುಗಡೆ ಆಂಟಿ ಮತ್ತು ಅವರ ಮೊಹರು. ನಮ್ಮೂರಿನಲ್ಲಿ ನೋಟರಿ ಅಂದರೆ ಕರೀ ಕೋಟಿನ ವಕೀಲರು. ಇಲ್ಲಿ ಹಾಗಲ್ಲ. ಸಹಿ ಹಾಕುವವನು ಅವನೇ ಹೌದೋ ಅಲ್ಲವೋ ನೋಡುವುದು, ಬೇಕಿದ್ದರೆ ಪ್ರಮಾಣ ಮಾಡಿಸುವುದು, ಮೊಹರು ಒತ್ತುವುದು, ಅಷ್ಟೇ ಕೆಲಸ. ಸಲಹೆ ಕೊಡುವ ಅಧಿಕಾರವಿಲ್ಲ. ಹಾಗಂತ ಅವರ ತಲೆಯ ಮೇಲೆ ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಒಂದು ಬೋರ್ಡು ತೂಗುತ್ತಿತ್ತು. ಕನ್ನಡದಲ್ಲಿ ಅದನ್ನು ಬಾಯಿಂದ ಹೇಳುತ್ತಿದ್ದರು: "ನಾ ವಕೀಲ ಅಲ್ಲ ತಮ್ಮಾ. ಸಲಹಾ ಕೊಡಂಗಿಲ್ಲ."

ನಾನು ಅವರನ್ನು ಮೊದಲು ನೋಡಿದ್ದು 2008ರಲ್ಲಿ. ಆಗ ಪಸಡೀನಾದ ಒಂದು ಲ್ಯಾಬಿನಲ್ಲಿ ಎಂಜಿನಿಯರ್ ಆಗಿದ್ದೆ. ತುಮಕೂರಿನ ಸೈಟಿನ ವಿಷಯಕ್ಕೆ ಅಣ್ಣನಿಗೆ ಪವರ್ ಆಫ್ ಅಟಾರ್ನಿ ಕಳಿಸಬೇಕಿತ್ತು. ಜಾಣನ ಹಾಗೆ ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಿದ್ದೆ. ಕಾಗದದಲ್ಲಿ ತುಮಕೂರು ಎಂದು ಓದಿದ್ದೇ ತಡ, ಅವರ ಇಂಗ್ಲಿಷ್ ಮಾಯವಾಯಿತು.

"ಸಹಿ ಮನಿಯಾಗ ಮಾಡ್ಕೊಂಡು ಬಂದೀಯೇನು? ಹಂಗಾರ ಮೊಹರನೂ ಅಲ್ಲೇ ಹೊಡಕೋಬೇಕಿತ್ತು."

ಹುಬ್ಬಳ್ಳಿಯವರು ಎಂದು ಅಷ್ಟರಿಂದಲೇ ತಿಳಿಯಿತು. ಮತ್ತೆ ಪ್ರಿಂಟ್ ತೆಗೆಸಿ, ಎದುರಿಗೇ ಸಹಿ ಹಾಕಿಸಿ, ಹೆಬ್ಬೆರಳು ಹೊರಳಿಸಿ ಕಳಿಸಿದರು. ಅಂದಿನಿಂದ ಯಾವ ಕಾಗದವಿದ್ದರೂ ನಾನು ಅಲ್ಲಿಗೇ ಹೋಗುತ್ತಿದ್ದೆ. ನಾನೊಬ್ಬನೇ ಅಲ್ಲ, ಸುತ್ತಿನ ಕನ್ನಡದವರೆಲ್ಲ ಹೋಗುತ್ತಿದ್ದರು. ಅಪ್ಪನ ಹೆಸರನ್ನು ಸರ್‌ನೇಮಿನ ಜಾಗದಲ್ಲಿ ಬರೆದು ಫಜೀತಿ ಮಾಡಿಕೊಂಡ ವಿದ್ಯಾರ್ಥಿಗಳು, ಅತ್ತೆ ಮಾವನನ್ನು ಆರು ತಿಂಗಳಿಗೆ ಕರೆಸುವ ಸೊಸೆಯಂದಿರು, ಎಲ್ಲರೂ.

ಸಲಹೆ ಕೊಡುವ ಹಾಗಿಲ್ಲವಲ್ಲ, ಅದಕ್ಕೆ ಆಂಟಿ ಒಂದು ದಾರಿ ಕಂಡುಕೊಂಡಿದ್ದರು. ಕಥೆ ಹೇಳುತ್ತಿದ್ದರು. ನಿಮ್ಮ ಫಾರಂ ಮೇಲೆ ಕಣ್ಣಾಡಿಸಿ, ಒಂದು ಕಡೆ ಕಪ್ಪು ಬೆರಳು ನಿಲ್ಲಿಸಿ, ಕಿಟಕಿಯ ಆಚೆ ನೋಡುತ್ತಾ ಶುರು ಮಾಡುವರು: "ಒಬ್ಬಾಂವ ಇದ್ದ. ಇಂಥಾದ್ದ ಫಾರಂದಾಗ ಹುಟ್ಟಿದ ತಾರೀಖು ನಮ್ಮ ಊರಾಗಿನಂಗ ಬರದಿದ್ದ, ದಿನ ಮೊದಲು, ತಿಂಗಳು ಆಮ್ಯಾಲ. ಪಾಪ, ಇವರ ಲೆಕ್ಕದಾಗ ಇಪ್ಪತ್ತೈದನೇ ತಿಂಗಳ ಇಲ್ಲ, ಅಂವ ಹುಟ್ಟೇ ಇರಲಿಲ್ಲ." ಅಷ್ಟು ಹೇಳಿ ಸುಮ್ಮನಾಗುವರು. ನೀವು ಬೆರಳು ನಿಂತ ಜಾಗ ನೋಡಿಕೊಂಡು ತಿದ್ದಿಕೊಳ್ಳಬೇಕು. ಆ ಒಬ್ಬಾಂವ ಯಾರು, ನಿಜವಾಗಿ ಇದ್ದನೇ, ಕೇಳಿದರೆ ಮುಂದಿನ ಗಿರಾಕಿಯನ್ನು ಕರೆಯುವರು.

ನನ್ನ ಬದುಕಿಗೆ ಪಿಮ್ ಬಂದದ್ದು ಆಮೇಲೆ. ಅವಳು ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನ ಹುಡುಗಿ, ಲಾ ಹೋಯಾದಲ್ಲಿ ಸಮುದ್ರವಿಜ್ಞಾನ ಓದುತ್ತಿದ್ದಳು. ಸಮುದ್ರದಲ್ಲಿ ಇಳಿಬಿಡುವ ಒಂದು ಯಂತ್ರ ಕೂರಿಸಲು ಲ್ಯಾಬಿನವರು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಯಂತ್ರ ಎರಡು ವಾರದಲ್ಲಿ ಕೂತಿತು. ನಾನು ಎರಡು ವರ್ಷ ಶನಿವಾರ ಶನಿವಾರ ರೈಲು ಹತ್ತಿ ಹೋಗುತ್ತಲೇ ಇದ್ದೆ. ಓದು ಮುಗಿದು ವೀಸಾ ಮುಗಿದಾಗ ಅವಳು ಊರಿಗೆ ಮರಳಿ ಅಲ್ಲಿನ ಕಾಲೇಜಿನಲ್ಲಿ ಪಾಠಕ್ಕೆ ಸೇರಿದಳು. ಅಷ್ಟು ಹೊತ್ತಿಗೆ ನನಗೆ ಇಲ್ಲಿನ ಪೌರತ್ವ ಸಿಕ್ಕಿತ್ತು. ಮದುವೆಯಾಗಲಿರುವ ಹುಡುಗಿಯನ್ನು ಕರೆಸಿಕೊಳ್ಳಲು ಒಂದು ವೀಸಾ ಇದೆ. ಆಕೆ ಬಂದು ತೊಂಬತ್ತು ದಿನದೊಳಗೆ ಇಲ್ಲೇ ಮದುವೆಯಾಗಬೇಕು. ಅದಕ್ಕೆ ಅಪ್ಲೈ ಮಾಡಿದೆ. ಹೆಂಡತಿಯನ್ನು ಕರೆಸುವ ವೀಸಾಕ್ಕಿಂತ ಇದು ಬೇಗ ಆಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಅರ್ಜಿ ಮಂಜೂರೂ ಆಯಿತು. ಬ್ಯಾಂಕಾಕಿನಲ್ಲಿ ಅವಳ ಇಂಟರ್‌ವ್ಯೂ ಒಂದು ಬಾಕಿ.

ಆ ನಡುವೆ ಇಬ್ಬರೂ ತುಮಕೂರಿಗೆ ಹೋದೆವು. ಮಂಡಿನೋವಿನ ಅಮ್ಮ ಅಮೆರಿಕಕ್ಕೆ ಬರುವ ಹಾಗಿರಲಿಲ್ಲ. ಹುಡುಗಿಯನ್ನು ತೋರಿಸಿಕೊಂಡು ಬರೋಣ ಅಂತ. "ಸಣ್ಣದಾಗಿ ಒಂದು ನಿಶ್ಚಿತಾರ್ಥ ಮಾಡ್ಬಿಡ್ತೀನಿ ಕಣೋ," ಎಂದಳು ಅಮ್ಮ. ಬೆಳಗ್ಗೆ ಪುರೋಹಿತರು ಬಂದರು. ತಟ್ಟೆಯಲ್ಲಿ ಉಂಗುರದ ಜೊತೆ ತಾಳಿಯೂ ಇತ್ತು. ಏನಮ್ಮಾ ಇದು ಎಂದರೆ, "ಗುರುಬಲ ಈ ತಿಂಗಳಿಗೆ ಮುಗಿಯುತ್ತೆ. ಕಟ್ಟಿಬಿಡು. ಆಮೇಲೆ ಅಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ," ಎಂದಳು. ಹನ್ನೆರಡು ಜನರ ಮುಂದೆ ಕಟ್ಟಿದೆ. ಅಮ್ಮ ನೆಲದ ಮೇಲೆ ಕೂರಲಾರದೆ ಕೂತು, ಪಿಮ್‌ಳ ಕಾಲಿಗೆ ತಾನೇ ಕಾಲುಂಗುರ ತೊಡಿಸಿದಳು. ಪಿಮ್‌ಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು. ದಿನವಿಡೀ ಕಾಲು ನೋಡಿಕೊಂಡು ಓಡಾಡಿದಳು.

ವಾಪಸು ಹೋಗುವಾಗ ಬ್ಯಾಂಕಾಕಿನವರೆಗಿನ ವಿಮಾನದಲ್ಲಿ ಅವಳು ಕೇಳಿದಳು: "ಮದುವೆಯಾಗಿದೆಯಾ ಅಂತ ಕೇಳಿದರೆ ಏನು ಹೇಳಲಿ?"

"ಇಲ್ಲ ಅನ್ನು. ರಿಜಿಸ್ಟರ್ ಆಗಿಲ್ಲವಲ್ಲ," ಎಂದೆ. ಹೇಳುವಾಗ ನನಗೇನೂ ಅನ್ನಿಸಲಿಲ್ಲ. ಅವಳು ಮಾತ್ರ ಬಗ್ಗಿ ತನ್ನ ಕಾಲುಂಗುರ ನೋಡಿಕೊಂಡಳು.

ಇಂಟರ್‌ವ್ಯೂಗೆ ಆರು ವಾರವಿದ್ದಾಗ, 'ನಾವಿಬ್ಬರೂ ಅವಿವಾಹಿತರು, ಮದುವೆಯಾಗುವ ಉದ್ದೇಶವುಳ್ಳವರು' ಎಂಬ ಪ್ರಮಾಣಪತ್ರ ಹಿಡಿದು ಆಂಟಿಯ ಹತ್ತಿರ ಹೋದೆ. ಈ ಸಲ ಸಹಿ ಹಾಕಿಕೊಂಡು ಹೋಗಿರಲಿಲ್ಲ. ಜೊತೆಗೆ ನಮ್ಮ ಪರಿಚಯಕ್ಕೆ ಪುರಾವೆಯಾಗಿ ಕೆಲವು ಫೋಟೋಗಳ ಜೆರಾಕ್ಸ್ ಆಗಬೇಕಿತ್ತು. ತಾಳಿ ಕಾಣುವ ಫೋಟೋಗಳನ್ನೆಲ್ಲ ಮೊದಲೇ ಹೆಕ್ಕಿ ತೆಗೆದಿದ್ದೆ. ಆಂಟಿ ಒಂದೊಂದೇ ಫೋಟೋ ಗಾಜಿನ ಮೇಲಿಟ್ಟರು. ಲಾ ಹೋಯಾದ ಬಂಡೆ, ಚಿಯಾಂಗ್ ಮಾಯ್‌ನ ಸಂತೆ. ಕೊನೆಯದು ತುಮಕೂರಿನ ಮನೆಯ ಮೆಟ್ಟಿಲ ಮೇಲೆ ಪಿಮ್ ಕಾಲು ಚಾಚಿ ಕೂತು ಚಕ್ಕುಲಿ ತಿನ್ನುತ್ತಿರುವುದು. ಮೈತುಂಬ ಸ್ವೆಟರ್. ಕುತ್ತಿಗೆಯಲ್ಲಿ ಏನೂ ಕಾಣುವುದಿಲ್ಲ ಎಂದು ಅದನ್ನು ಉಳಿಸಿಕೊಂಡಿದ್ದೆ.

ಆಂಟಿ ಕನ್ನಡಕ ಏರಿಸಿದರು. ಕಪ್ಪು ಬೆರಳು ಪಿಮ್‌ಳ ಪಾದದ ಮೇಲೆ, ಕಾಲುಂಗುರದ ಹತ್ತಿರ ನಿಂತಿತು. ಕಥೆ ಶುರುವಾಗುತ್ತದೆ ಎಂದು ಕಾದೆ. ಶುರುವಾಗಲಿಲ್ಲ.

"ಈ ಫೋಟೋ ಇದರಿಂದ ತೆಗೆದುಬಿಡ್ತೀನಿ ಆಂಟಿ," ಎಂದೆ.

"ತಗೀಬಹುದು. ಆಕಿ ಕಾಲಾಗಿಂದೂ ತಗೀಬಹುದು." ಪ್ರಮಾಣಪತ್ರವನ್ನು ನನ್ನ ಮುಂದೆ ಸರಿಸಿ, ಮೊಹರನ್ನು ಪ್ಯಾಡಿನ ಮೇಲೆ ಇಟ್ಟರು. "ಬಲಗೈ ಎತ್ತು, ತಮ್ಮಾ. ಇದರಾಗ ಬರದದ್ದೆಲ್ಲಾ ಖರೆ ಐತಿ ಅಂತ ಹೇಳು. ಹೇಳಿದಿ ಅಂದ್ರ ನಾ ಮೊಹರ ಹೊಡೀತೇನಿ. ನನ್ನ ಕೆಲಸ ಅಷ್ಟ."

ಅಷ್ಟು ವರ್ಷ ಅವರ ಮುಂದೆ ಎಷ್ಟೋ ಸಲ ಇಂಗ್ಲಿಷಿನಲ್ಲಿ ಪ್ರಮಾಣ ಮಾಡಿದ್ದೆ. ಮಾಡುವಾಗ ಸಂಜೆಯ ಅಡುಗೆಯ ಬಗ್ಗೆ ಯೋಚಿಸುತ್ತಿದ್ದೆ. ಅಂದು ಅವರು ಕನ್ನಡದಲ್ಲಿ ಕೇಳಿದರು. ಅಮ್ಮ ನೆಲಕ್ಕೆ ಕೈಯೂರಿ ಏಳುತ್ತಿದ್ದದ್ದು ಕಣ್ಣ ಮುಂದೆ ಬಂತು. ಕೈ ಏಳಲಿಲ್ಲ.

ಆಂಟಿ ಕೌಂಟರಿನ ಮೇಲೆ ಊಟದ ವೇಳೆಯ ಫಲಕ ಇಟ್ಟು, ಡಬ್ಬಿ ಹಿಡಿದು ಹೊರಗೆ ನಡೆದರು. ಪಾರ್ಕಿಂಗ್ ಲಾಟಿನ ಅಂಚಿನ ಕಲ್ಲುಬೆಂಚಿನ ಮೇಲೆ ಕೂತೆವು. ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟರು.

"ಒಬ್ಬ ಹುಡುಗಿ ಇದ್ಲು," ಎಂದು ಶುರು ಮಾಡಿದರು. "ಹುಬ್ಬಳ್ಳಿಯಾಕಿ. ಅಪ್ಪ ಇಲ್ಲಿ ಡಾಕ್ಟರ್. ಮದಿವಿ ಆಗಲಾರದ ಮಗಳು ಅಂತ ಅರ್ಜಿ ಹಾಕಿದ್ದ. ಮದಿವಿ ಆದ್ರ ಅರ್ಜಿ ರದ್ದು. ಅದು ಬರೂದು ತಡಾ ಆತು. ಅಷ್ಟರಾಗ ಅಜ್ಜಿ, ನಾ ಕಣ್ಣು ಮುಚ್ಚೂದರಾಗ ನೋಡಬೇಕು ಅಂತ ಹಟ ಹಿಡದು ಮನ್ಯಾಗ ಮದಿವಿ ಮಾಡಿದ್ಲು. ಹುಡುಗ ಛಲೋ ಇದ್ದ. ಬ್ಯಾಂಕಿನಾಗ ಕೆಲಸ. ಏಳು ತಿಂಗಳಿಗೆ ವೀಸಾ ಬಂತು. ಮಂದಿ ಎಲ್ಲಾ ಹೇಳಿದ್ರು, ಆಗಿಲ್ಲ ಅನ್ನು, ಹೋಗು, ಎರಡು ವರ್ಷಕ್ಕ ಅವನ್ನ ಕರಸಿಕೋ. ಮದ್ರಾಸಿನಾಗ ವೀಸಾ ಆಫೀಸಿನ ಹೊರಗ ನಿಂತು ಆಕಿ ತಾಳಿ, ಕಾಲುಂಗುರ ಎಲ್ಲಾ ತಗದು ಕರ್ಚೀಫನಾಗ ಕಟ್ಟಿಕೊಂಡ್ಲು. ಒಳಗ ಹೋಗಿ ಕೈ ಎತ್ತಿ, ಆಗಿಲ್ಲ ಅಂದ್ಲು."

"ಆಮೇಲೆ?"

"ಆಮ್ಯಾಲೇನು. ಅವನ್ನ ಕರಸಬೇಕಂದ್ರ ಮದಿವಿ ಆಗೇತಿ ಅನ್ನಬೇಕು. ಯಾವಾಗ ಆತು ಅಂತ ಕೇಳತಾರ. ಖರೆ ಹೇಳಿದ್ರ ಆಕೀನ ವಾಪಸ್ ಕಳಸ್ತಾರ, ಅಪ್ಪನ ಹೆಸರೂ ಕೆಡತೈತಿ. ಈ ವರ್ಷ ಬ್ಯಾಡ, ಮುಂದಿನ ವರ್ಷ ಅಂತ ಅಂಜಿಕೊಂತ ಕುಂತ್ಲು. ಅಂವ ಎಂಟು ವರ್ಷ ಕಾದ. ಆಮ್ಯಾಲ ಅವರ ಮನಿಯವರು ಬ್ಯಾರೆ ಹೆಣ್ಣು ತಂದ್ರು. ತಪ್ಪಿಲ್ಲ ಬಿಡು. ಮನಶ್ಯಾ ಎಷ್ಟಂತ ಕಾಯಬೇಕು."

"ಆ ಹುಡುಗಿ ಏನಾದಳು ಆಂಟಿ?"

"ಆರಾಮ ಅದಾಳ," ಎಂದರು. "ಗ್ಲೆಂಡೇಲದಾಗ ಕುಂತು ಮೊಹರ ಹೊಡೀತಾಳ."

ಆಂಟಿ ಮದುವೆಯನ್ನೇ ಆಗಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅವರ ಬೆನ್ನ ಹಿಂದೆ ಅದರ ಬಗ್ಗೆ ನಗೆಯಾಡಿದವರಲ್ಲಿ ನಾನೂ ಒಬ್ಬ. "ಆ ಬ್ಯಾಂಕಿನವರ ಹೆಸರೇನು?" ಎಂದು ಕೇಳಿದೆ. ಆಂಟಿ ಸೆರಗಿಲ್ಲದ ಹೆಗಲ ಹತ್ತಿರ ಕೈ ಒಯ್ದು, ನಾಚಿದವರ ಹಾಗೆ ನಕ್ಕು, ಡಬ್ಬಿಯ ಮುಚ್ಚಳ ಹಾಕಿದರು. ಬೇಕೆಂದೇ ಹೆಸರು ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಮತ್ತೆ ಕೇಳಲಿಲ್ಲ.

"ನಾನೀಗ ಏನು ಮಾಡಲಿ ಆಂಟಿ?"

"ನಾ ವಕೀಲ ಅಲ್ಲ. ಸಲಹಾ ಕೊಡಂಗಿಲ್ಲ." ಎದ್ದು, ಸೀರೆ ಕೊಡವುವ ಹಾಗೆ ಪ್ಯಾಂಟು ಕೊಡವಿಕೊಂಡರು. "ಆ ಹುಡುಗಿ ಏನು ಮಾಡಬೇಕಿತ್ತು ಅನ್ನೂದು ಅಷ್ಟ ನಂಗ ಗೊತ್ತು. ವಿಮಾನ ಹತ್ತಬಾರದಿತ್ತು. ಕಾಯೂದಾದ್ರ ಅವನ ಜೋಡಿ ಕುಂತು ಕಾಯಬೇಕಿತ್ತು."

ಅಂದು ಮೊಹರಿಲ್ಲದ ಕಾಗದ ಹಿಡಿದು ಮನೆಗೆ ಬಂದೆ. ನಿಜವಾದ ವಕೀಲರೊಬ್ಬರನ್ನು ಕಂಡೆ. ಅವರು ಹಣೆ ಒತ್ತಿಕೊಂಡರು. ಮದುವೆಯಾಗಲಿರುವ ಹುಡುಗಿಯ ವೀಸಾಕ್ಕೆ ನಮ್ಮ ಮದುವೆ ಹೆಚ್ಚಾಗಿತ್ತು, ರಿಜಿಸ್ಟರ್ ಆಗದೆ ಹೆಂಡತಿಯ ವೀಸಾಕ್ಕೆ ಕಡಿಮೆಯಾಗಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಪಿಮ್ ಎಂದೆಂದಿಗೂ ಇಲ್ಲಿಗೆ ಕಾಲಿಡುವ ಹಾಗಿರಲಿಲ್ಲ. ಇದ್ದದ್ದು ಒಂದೇ ನೇರ ದಾರಿ. ಹಳೆಯ ಅರ್ಜಿ ವಾಪಸು ತೆಗೆಯುವುದು, ತುಮಕೂರಿನ ಮದುವೆಯನ್ನು ರಿಜಿಸ್ಟರ್ ಮಾಡಿಸುವುದು, ಹೆಂಡತಿ ಎಂದು ಹೊಸದಾಗಿ ಅರ್ಜಿ ಹಾಕುವುದು. ಒಂದು ವರ್ಷದ ಮೇಲೆ ಎಷ್ಟಾಗುತ್ತದೋ ಗೊತ್ತಿಲ್ಲ. ಅಲ್ಲಿಯವರೆಗೆ ಅವಳು ಅಲ್ಲಿ, ನಾನು ಇಲ್ಲಿ.

ಫೋನಿನಲ್ಲಿ ಪಿಮ್‌ಗೆ ಎಲ್ಲ ಹೇಳಿದೆ. ಅವಳು ಅತ್ತಳು. ತಡವಾಗುತ್ತದೆಂದು ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ. "ಅಮ್ಮ ಹಾಕಿದ ಕಾಲುಂಗುರವನ್ನು ಆ ಆಫೀಸಿಗೆ ಹೋಗುವ ದಿನ ಹೇಗೆ ತೆಗೆಯಲಿ ಅಂತ ದಿನಾ ಯೋಚನೆ ಮಾಡ್ತಿದ್ದೆ," ಎಂದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುವಾರ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಇಂಥ ಲ್ಯಾಬಿನ ಕೆಲಸ ಬಿಡುವವನಿಗೆ ತಲೆ ಕೆಟ್ಟಿದೆ ಎಂದರು ಸ್ನೇಹಿತರು. ತುಮಕೂರಿನಲ್ಲಿ ಒಂದೂವರೆ ತಿಂಗಳು ಕೂತು, ನೋಟಿಸ್ ಹಾಕಿಸಿ, ಮದುವೆ ರಿಜಿಸ್ಟರ್ ಮಾಡಿಸಿದೆವು. ಅಮ್ಮ ಸಾಕ್ಷಿಯ ಸಹಿ ಹಾಕುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ನಾನು ಮಾಡಿದ್ದೇ ಕೊನೆಗೆ ನಿಂತಿದ್ದು ನೋಡಿ," ಎಂದಳು. ಅಲ್ಲಿಂದ ಚಿಯಾಂಗ್ ಮಾಯ್. ಥಾಯ್ ಹೆಂಡತಿ ಇರುವವನಿಗೆ ವರ್ಷಕ್ಕೊಮ್ಮೆ ನವೀಕರಿಸುವ ವೀಸಾ ಕೊಡುತ್ತಾರೆ. ತೊಂಬತ್ತು ದಿನಕ್ಕೊಮ್ಮೆ ಇಮಿಗ್ರೇಷನ್ ಕಚೇರಿಗೆ ಹೋಗಿ, ಇದೇ ವಿಳಾಸದಲ್ಲಿದ್ದೇನೆ ಎಂದು ಹೇಳಿ ಬರಬೇಕು. ಗ್ಲೆಂಡೇಲ್‌ನಲ್ಲಿ ಆಂಟಿ ಆ ತಾರೀಖುಗಳನ್ನು ತಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದರು. ಪ್ರತಿ ಸಲ ಎರಡು ದಿನ ಮುಂಚೆ ಫೋನು ಬರುತ್ತಿತ್ತು.

"ಒಬ್ಬಾಂವ ಇದ್ದ. ತೊಂಬತ್ತು ದಿನದ್ದು ಮರತುಬಿಟ್ಟಿದ್ದ."

"ಯಾರು ಆಂಟಿ?"

"ಇನ್ನೂ ಮರತಿಲ್ಲ. ನಾಡಿದ್ದು ಮರೀತಾನ."

ಅತ್ತೆ ಮಾವನ ಮನೆಯ ಹಿತ್ತಿಲಲ್ಲಿ ಲಿಚಿಯಂಥ ಲಾಂಗನ್ ಹಣ್ಣು ಬಿಡಿಸುತ್ತಾ, ಥಾಯ್ ಭಾಷೆಯ ದನಿಯ ಐದು ಏರಿಳಿತಗಳಲ್ಲಿ ಮೂರನ್ನು ತಪ್ಪು ಹೇಳುತ್ತಾ, ಹೆಂಡತಿಯ ಸಂಬಳದಲ್ಲಿ ಹದಿನಾರು ತಿಂಗಳು ಕಳೆದೆ. ಬ್ಯಾಂಕಾಕಿನ ಇಂಟರ್‌ವ್ಯೂಗೆ ಪಿಮ್ ಕಾಲುಂಗುರ ಹಾಕಿಕೊಂಡೇ ಹೋದಳು. ಯಾರೂ ಅವಳ ಕಾಲು ನೋಡಲಿಲ್ಲವಂತೆ. ಮದುವೆಯಾಗಿದೆಯೇ ಎಂದರು, ಹೌದು ಎಂದಳು. ವೀಸಾ ಬಂತು.

ಲಾಸ್ ಏಂಜಲೀಸಿಗೆ ಬಂದ ಮೂರನೆಯ ದಿನ ಅವಳನ್ನು ಗ್ಲೆಂಡೇಲ್‌ಗೆ ಕರೆದುಕೊಂಡು ಹೋದೆ. ಆಂಟಿ ಕೌಂಟರಿನ ಹಿಂದಿನಿಂದ ಎದ್ದು ಬಂದು, ಮುಖ ನೋಡುವ ಮೊದಲು ಕಾಲು ನೋಡಿದರು. ಬಗ್ಗಿ ಕಪ್ಪು ಬೆರಳಿನಿಂದ ಒಮ್ಮೆ ಮುಟ್ಟಿದರು. ಆಮೇಲೆ ಮೊಹರಿನ ಡ್ರಾಯರಿನಿಂದ ಹಳೆಯ ಮುಲಾಮಿನ ಡಬ್ಬಿಯೊಂದನ್ನು ತೆಗೆದು ಪಿಮ್‌ಗೆ ತೋರಿಸಿದರು. ಒಳಗೆ ಹತ್ತಿಯ ಮೇಲೆ ಅವರ ಎರಡು ಕಾಲುಂಗುರ. ಪಿಮ್ ತುಮಕೂರಿನಲ್ಲಿ ಕಲಿತ ಕನ್ನಡದಲ್ಲಿ, "ಹಾಕ್ಕೊಳ್ಳಿ ಆಂಟಿ," ಎಂದಳು.

"ನನಗ ಅಂಜಿಕಿ ತಂಗಿ," ಎಂದರು ಆಂಟಿ. "ಇನ್ನೂ ಹೋಗಿಲ್ಲ."

ನನಗೆ ಮತ್ತೆ ಕೆಲಸ ಸಿಕ್ಕಿದ್ದು ಸ್ಯಾನ್ ಡಿಯೇಗೋದಲ್ಲಿ. ಎರಡು ವರ್ಷ ಕಳೆದು, ಆಂಟಿಗೆ ಕೈ ನಡುಗಿ ಮೊಹರು ನೆಟ್ಟಗೆ ಬೀಳದಂತಾದಾಗ, ಅವರ ಅಣ್ಣನ ಮಗ ಅವರನ್ನು ಅಲ್ಲಿಗೇ ತನ್ನ ಮನೆಗೆ ಕರೆತಂದ. ಇಲ್ಲೇ ಹುಟ್ಟಿದವನು, ಒಳ್ಳೆಯವನು, ಅತ್ತೆಯ ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವನು. ಭಾನುವಾರ ನಾವು ಹೋಗುತ್ತಿದ್ದೆವು. ಕೊನೆಗೊಂದು ಭಾನುವಾರ ಆ ಡಬ್ಬಿಯನ್ನು ಪಿಮ್‌ಳ ಕೈಗಿಟ್ಟು ಬೆರಳು ಮಡಿಚಿದರು. ಏನು ಮಾಡಬೇಕೆಂದು ಹೇಳಲಿಲ್ಲ. ಎಂದೂ ಹೇಳಿದವರಲ್ಲ. ಅವರ ಹೆಬ್ಬೆರಳು ಆಗ ಬೆಳ್ಳಗಾಗಿತ್ತು. ಅದನ್ನು ನೋಡಿ ಅವರು ಹೆಚ್ಚು ದಿನ ಇರುವುದಿಲ್ಲ ಎನ್ನಿಸಿತು. 2018ರಲ್ಲಿ, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಹೋದರು.

ಅಂತ್ಯಕ್ರಿಯೆಯ ಸಂಸ್ಥೆಯಲ್ಲಿ ಒಳಗಿನ ಕೋಣೆಯಲ್ಲಿ ಹೆಂಗಸರು ಅವರಿಗೆ ಸೀರೆ ಉಡಿಸುತ್ತಿದ್ದರು. ಹೊರಗೆ ಅಣ್ಣನ ಮಗ ಮರಣಪತ್ರದ ಫಾರಂ ತುಂಬುತ್ತಿದ್ದ. ಹುಟ್ಟಿದ ಊರಿನ ಸ್ಪೆಲಿಂಗ್ ನನ್ನನ್ನು ಕೇಳಿದ, ಹೇಳಿದೆ. ಆಮೇಲೆ ವೈವಾಹಿಕ ಸ್ಥಿತಿಯ ಜಾಗಕ್ಕೆ ಬಂದು, "ಅತ್ತೆ ಮದುವೆಯೇ ಆಗಿರಲಿಲ್ಲ, ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಪೆನ್ನು ಆಗಲೇ ಆ ಚೌಕದ ಮೇಲಿತ್ತು.

ಸುಮ್ಮನಿರಬಹುದಿತ್ತು. ಬಲಗೈ ಎತ್ತು ಎಂದು ಯಾರೂ ಕೇಳಿರಲಿಲ್ಲ. "ಒಬ್ಬ ಹುಡುಗಿ ಇದ್ದಳು," ಎಂದೆ. ಎಲ್ಲವನ್ನೂ ಹೇಳಿದೆ. ಅವನು ಪೆನ್ನು ಕೆಳಗಿಟ್ಟು ಕೇಳಿದ. "ಹಾಗಾದರೆ ಮದುವೆಯಾಗಿತ್ತು ಅಂತ ಬರೆಯೋಣ," ಎಂದ. ಫಾರಂ ಓದಿ, "ಗಂಡನ ಹೆಸರು ಬೇಕು. ಹೆಸರೇನು?" ಎಂದ.

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅವನ ಅಪ್ಪ, ಅಜ್ಜ ಯಾರೂ ಉಳಿದಿರಲಿಲ್ಲ. ಆ ಮಧ್ಯಾಹ್ನ ಬೆಂಚಿನ ಮೇಲೆ ಆಂಟಿ ನಾಚಿ ನಕ್ಕದ್ದು ನೆನಪಾಯಿತು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ ಎಂದು ಆಗ ಹೊಳೆಯಿತು. ಅವರ ಕಾಲದ ಹುಬ್ಬಳ್ಳಿಯ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಜ್ಜಿಯೂ ಹೇಳುತ್ತಿರಲಿಲ್ಲ. ಆಂಟಿಯೂ ಹೇಳಿರಲಿಲ್ಲ, ಅಷ್ಟೇ.

"ಅತ್ತೆ ಹೇಳಲೇ ಇಲ್ಲ," ಎಂದೆ. ಅವನು ಪೆನ್ನು ಎತ್ತಿಕೊಂಡು, ಮೊದಲಿನ 'ಮದುವೆಯಾಗಿಲ್ಲ' ಎಂಬ ಚೌಕದಲ್ಲೇ ಗುರುತು ಹಾಕಿದ.

ಪಿಮ್ ಬಾಗಿಲಿಗೆ ಬಂದು ಕರೆದಳು. ಸೀರೆ ಉಡಿಸಿ ಆಗಿತ್ತು, ಬೇರೆ ಹೆಂಗಸರು ಹೊರಗೆ ಬಂದಿದ್ದರು. ಅವಳ ಕೈಯಲ್ಲಿ ಮುಲಾಮಿನ ಡಬ್ಬಿ ಇತ್ತು. ಹಾಕಲಾ ಎಂದು ಅವಳು ಕೇಳಲಿಲ್ಲ, ಹಾಕು ಎಂದು ನಾನು ಹೇಳಲಿಲ್ಲ. ಆಂಟಿಯ ಪಾದಗಳನ್ನು ನಾನು ಅಂದೇ ಮೊದಲು ನೋಡಿದ್ದು, ಚಿಕ್ಕ ಪಾದಗಳು. ಬೆರಳು ವಯಸ್ಸಿಗೆ ದಪ್ಪಗಾಗಿದ್ದವು. ಉಂಗುರಗಳನ್ನು ಸ್ವಲ್ಪ ಅಗಲಿಸಬೇಕಾಯಿತು. ನಾನು ಅಗಲಿಸಿ ಕೊಟ್ಟೆ, ಪಿಮ್ ಅವರ ಕಾಲ ಬಳಿ ಕೂತು ಒಂದೊಂದಾಗಿ ತೊಡಿಸಿದಳು.